ಹದ ಕಾಯುವುದು

(ಮನೆಯಡುಗೆ ಮತ್ತು ಊಟದ ಕುರಿತು ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಅವಸರವಾಗಿ ದಾಟಿಹೋದ ಒಂದೆರಡು ಕಡೆ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಸ್ನೇಹಿತರೇ, ನಮಸ್ಕಾರ. ಈರುಳ್ಳಿಯಿಂದ ಶುರು ಮಾಡುತ್ತೇನೆ.

ಈರುಳ್ಳಿ ಚೆನ್ನಾಗಿ ಕೆಂಪಗಾಗಲು ಎಷ್ಟು ಹೊತ್ತು ಬೇಕು? ಅಡುಗೆ ಪುಸ್ತಕಗಳಲ್ಲೂ ವಿಡಿಯೋಗಳಲ್ಲೂ ಐದು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷ ಎಂದು ಹೇಳಿಬಿಡುತ್ತಾರೆ. ನನಗೆ ಮೂವತ್ತಾರು ವರ್ಷವಾಗಿದ್ದಾಗ ಅಮ್ಮ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಒಲೆ ನನ್ನ ಪಾಲಿಗೆ ಬಂತು. ಅಲ್ಲಿಯವರೆಗೆ ನಾನು ನೀರು ಕಾಯಿಸಿದ್ದು ಬಿಟ್ಟರೆ ಬೇರೇನೂ ಮಾಡಿದವನಲ್ಲ. ವಿಡಿಯೋ ನೋಡಿ, ಗಡಿಯಾರ ಮುಂದಿಟ್ಟುಕೊಂಡು ನಿಂತೆ. ಐದು ನಿಮಿಷವಾದರೂ ಈರುಳ್ಳಿ ಬೆಳ್ಳಗೇ ಇತ್ತು. ಉರಿ ಜೋರು ಮಾಡಿದೆ. ಪಕ್ಕದ ಕೋಣೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ಅಮ್ಮ ಕೂತಲ್ಲಿಂದಲೇ ಕೂಗಿದಳು: "ಉರಿ ಸಣ್ಣ ಮಾಡೋ, ಸೀಯ್ತಾ ಇದೆ." ನಾನು ಬಾಣಲೆ ನೋಡಿದೆ. ಏನೂ ಸೀದಿರಲಿಲ್ಲ. ಅರ್ಧ ನಿಮಿಷದಲ್ಲಿ ಅಂಚುಗಳು ಕಪ್ಪಾದವು.

ನಾನು ಬಾಣಲೆಯ ಮುಂದೆಯೇ ನಿಂತಿದ್ದೆ, ಅವಳು ಗೋಡೆಯಾಚೆ ಇದ್ದಳು. ನನಗೆ ಕಾಣದ್ದು ಅವಳಿಗೆ ಕೇಳಿಸಿತು. ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಈ ಒಂದು ಘಟನೆಯಿಂದ ಹುಟ್ಟಿದ್ದು.

ಅವಳಿಗೆ ಕೇಳಿಸಿದ್ದು ಏನು? 100 ಗ್ರಾಂ ಈರುಳ್ಳಿಯಲ್ಲಿ ಸುಮಾರು 89 ಗ್ರಾಂ ನೀರೇ. ಹೋಳಿನ ಮೇಲೆ ನೀರಿನ ಪಸೆ ಇರುವಷ್ಟು ಹೊತ್ತು ಅದರ ಬಿಸಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೊಟ್ಟ ಉರಿಯೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಆ ಹೊಂಬಣ್ಣ, ಆ ಸಿಹಿಗಂಪು ಬರುವುದು ಸಕ್ಕರೆಯ ಅಂಶವೂ ಅಮೈನೋ ಆಮ್ಲಗಳೂ ಬಿಸಿಯಲ್ಲಿ ಕೂಡಿ ಹೊಸ ಹೊಸ ವಸ್ತುಗಳಾದಾಗ. ಫ್ರಾನ್ಸಿನ ವಿಜ್ಞಾನಿ ಲೂಯಿ ಕಮಿಯ್ ಮೈಯಾರ್ 1912ರಲ್ಲಿ ಇದನ್ನು ವಿವರಿಸಿದರು, ಆ ಕ್ರಿಯೆಗೆ ಇಂದಿಗೂ ಅವರದೇ ಹೆಸರು. ಬ್ರೆಡ್ಡಿನ ಹೊರಪದರದ ಬಣ್ಣ, ಹುರಿದ ಕಾಫಿಬೀಜದ ಪರಿಮಳ ಎಲ್ಲದರ ಹಿಂದೆಯೂ ಇದೇ ಇದೆ. ಅಡುಗೆಯಲ್ಲಿ ಅದು ಚುರುಕಾಗುವುದು ಸುಮಾರು 140 ಡಿಗ್ರಿಯ ಮೇಲೆ. ಅಂದರೆ ನೀರು ಹೋಗುವವರೆಗೆ ಕೆಂಪಿಲ್ಲ. ನೀರು ಹೋಗಲು ಹೊತ್ತು ಬೇಕು. ನಿಧಾನದ ಉರಿಯಲ್ಲಿ ಪೂರ್ತಿ ಹೊಂಬಣ್ಣ ಬರಬೇಕಾದರೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ.

ಈ ಹೊತ್ತಿನಲ್ಲಿ ಸದ್ದು ಬದಲಾಗುತ್ತದೆ. ಮೊದಲು ಮಳೆ ಸುರಿದ ಹಾಗೆ ಒಂದೇ ಸಮನೆ ಚೊಯ್ ಎನ್ನುವ ಸದ್ದು, ಅದು ನೀರಿನದು. ನಂತರ ಸದ್ದು ತಗ್ಗುತ್ತದೆ, ಬಿಡಿಬಿಡಿಯಾಗುತ್ತದೆ. ಕೊನೆಗೆ ಒಣ ಚಿಟಪಟ ಶುರುವಾದರೆ ನೀರು ಮುಗಿಯಿತು, ಇನ್ನು ಬಿಸಿ ಬೇಗ ಏರುತ್ತದೆ ಎಂದು ಅರ್ಥ. ಅಮ್ಮ ಕೂಗಿದ್ದು ಆ ಹೊತ್ತಿನಲ್ಲಿ. ನಲವತ್ತು ವರ್ಷದಲ್ಲಿ ಯಾರೂ ಅವಳಿಗೆ ಮೈಯಾರ್ ಹೆಸರು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಮಾತಿದೆ: ಹದ. ಮಣ್ಣಿಗೆ ಹದವಿದೆ, ಹಿಟ್ಟಿಗೆ ಹದವಿದೆ, ಪಾಕಕ್ಕೆ ಹದವಿದೆ, ಮಾತಿಗೂ ಇದೆ. ಹದವನ್ನು ನಾವು ಅಳೆಯುವುದಿಲ್ಲ. ಕಾಯುತ್ತೇವೆ, ನೋಡುತ್ತೇವೆ, ಬಂದಾಗ ಗುರುತಿಸುತ್ತೇವೆ. ಹಸಿವಿಗೆ, ಸಾಕು ಎನ್ನಿಸುವುದಕ್ಕೆ ಕೂಡ ಹದವೇ ಇದೆ ಎಂದು ನಾನು ನಂಬಿದ್ದೇನೆ. ಪಾತ್ರೆಯ ಹದ ಕಾಯುವುದನ್ನು ಕಲಿತ ಮೇಲೆಯೇ ನನಗೆ ಹೊಟ್ಟೆಯ ಹದ ತಿಳಿಯತೊಡಗಿತು. ಅದಕ್ಕೂ ಮೊದಲು ಎಷ್ಟೋ ವರ್ಷ ಆ ಹದವನ್ನು ನಾನು ಲೆಕ್ಕದಲ್ಲಿ ಹುಡುಕುತ್ತಿದ್ದೆ.

ಆ ಲೆಕ್ಕದ ವರ್ಷಗಳ ಬಗ್ಗೆ ಹೇಳಲೇಬೇಕು, ಏಕೆಂದರೆ ನಿಮ್ಮಲ್ಲಿ ಹಲವರು ಈಗ ಅಲ್ಲೇ ಇರಬಹುದು. ಇಪ್ಪತ್ತರ ಕೊನೆಯಲ್ಲಿ ನನ್ನ ಬಳಿ ಒಂದು ನೋಟ್‌ಬುಕ್ ಇತ್ತು. ತಿಂದದ್ದೆಲ್ಲ ಅದರಲ್ಲಿ ಬರೆಯುತ್ತಿದ್ದೆ. ಬೆಳಿಗ್ಗೆ ಇಷ್ಟು ಕ್ಯಾಲೊರಿ, ಮಧ್ಯಾಹ್ನ ಇಷ್ಟು. ಸಂಜೆಯ ಹೊತ್ತಿಗೆ ಲೆಕ್ಕ ಮೀರಿದ್ದರೆ ರಾತ್ರಿ ಊಟ ಬಿಡುತ್ತಿದ್ದೆ. ಮಧ್ಯರಾತ್ರಿ ಎದ್ದು ಕತ್ತಲಲ್ಲೇ ಬಿಸ್ಕತ್ತಿನ ಪೊಟ್ಟಣ ಖಾಲಿ ಮಾಡುತ್ತಿದ್ದೆ, ಅದನ್ನು ಬರೆಯುತ್ತಿರಲಿಲ್ಲ. ಹಗಲಿಡೀ ನನ್ನ ತಲೆಯಲ್ಲಿ ಊಟದ್ದೇ ಯೋಚನೆ. ಹೊರಗಿನಿಂದ ನೋಡಿದವರಿಗೆ ಆಹಾರದ ಬಗ್ಗೆ ನನಗೆ ತುಂಬಾ ಗಮನ ಇದ್ದಂತೆ ಕಾಣುತ್ತಿತ್ತು. ನಿಜವಾಗಿ ಇದ್ದದ್ದು ಹೆದರಿಕೆ. ಆ ಬಿಸ್ಕತ್ತಿನ ರುಚಿ ಹೇಗಿತ್ತು ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ.

ವೈದ್ಯರ ಸಲಹೆಯಂತೆ ಲೆಕ್ಕ ಇಡಬೇಕಾದವರು ಇದ್ದಾರೆ. ಸಕ್ಕರೆ ಕಾಯಿಲೆಯವರು, ಮೂತ್ರಪಿಂಡದ ತೊಂದರೆ ಇರುವವರು. ಅವರಿಗೆ ಲೆಕ್ಕ ಔಷಧಿಯಷ್ಟೇ ಮುಖ್ಯ, ಅದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ನಾನು ಹೇಳುತ್ತಿರುವುದು ಯಾರೂ ಹೇಳದಿದ್ದರೂ ನಮ್ಮ ಮೇಲೆ ನಾವೇ ಹೂಡಿಕೊಳ್ಳುವ ಕಾವಲಿನ ಬಗ್ಗೆ.

ಹಸಿವನ್ನು ಅದುಮಿದರೆ ಮನಸ್ಸಿಗೆ ಏನಾಗುತ್ತದೆ ಎಂಬುದು 1945ರಲ್ಲೇ ಕಂಡಿತ್ತು. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಯುರೋಪಿನಲ್ಲಿ ಹಸಿದವರನ್ನು ಮತ್ತೆ ಚೇತರಿಸಿಕೊಳ್ಳುವಂತೆ ಮಾಡುವುದು ಹೇಗೆಂದು ತಿಳಿಯಬೇಕಿತ್ತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 36 ಯುವಕರ ಮೇಲೆ ಒಂದು ಪ್ರಯೋಗ ನಡೆಸಿದರು. ಯುದ್ಧದಲ್ಲಿ ಕೊಲ್ಲಲಾರೆವು ಎಂದು ಆಯುಧ ಹಿಡಿಯಲು ಒಪ್ಪದ ಹುಡುಗರು ಅವರು, ಸ್ವಇಚ್ಛೆಯಿಂದ ಬಂದಿದ್ದರು. 24 ವಾರ ಅವರಿಗೆ ಅರೆಹೊಟ್ಟೆ. ದೇಹದ ತೂಕದಲ್ಲಿ ಕಾಲು ಭಾಗದಷ್ಟು ಇಳಿಯಿತು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ತೂಕದ ಲೆಕ್ಕವಲ್ಲ. ಅಡುಗೆಯಲ್ಲಿ ಎಂದೂ ಆಸಕ್ತಿ ಇಲ್ಲದಿದ್ದವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಸಿಕ್ಕ ಸ್ವಲ್ಪ ಊಟವನ್ನು ಗಂಟೆಗಟ್ಟಲೆ ಎಳೆದು ತಿಂದರು, ತಟ್ಟೆ ನೆಕ್ಕಿದರು. ಬೇರೆ ಯಾವ ಮಾತೂ ಅವರಿಗೆ ರುಚಿಸುತ್ತಿರಲಿಲ್ಲ. ಪ್ರಯೋಗ ಮುಗಿದು ಊಟ ಸಿಕ್ಕ ಮೇಲೂ ಕೆಲವರಿಗೆ ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ತೀರಲಿಲ್ಲ.

ಇದನ್ನು ಓದಿದ ದಿನ ನನ್ನ ನೋಟ್‌ಬುಕ್ ನೆನಪಾಯಿತು. ನನ್ನ ಮನೋಬಲ ಸಾಲದು ಎಂದು ಎಷ್ಟೋ ವರ್ಷ ನನ್ನನ್ನೇ ಹಳಿದುಕೊಂಡಿದ್ದೆ. ಮಧ್ಯರಾತ್ರಿ ಎಬ್ಬಿಸುತ್ತಿದ್ದುದು ಹಸಿದ ದೇಹ. ಅದು ತನ್ನ ಕೆಲಸ ಮಾಡುತ್ತಿತ್ತು.

"ಒಳ್ಳೆಯ ಆಹಾರ" ಎಂಬುದನ್ನೂ ಹೀಗೆಯೇ ಕಾವಲಾಗಿ ಮಾಡಿಕೊಳ್ಳಬಹುದು. ಸ್ಟೀವನ್ ಬ್ರ್ಯಾಟ್‌ಮನ್ ಎಂಬ ಅಮೆರಿಕದ ವೈದ್ಯರು 1997ರಲ್ಲಿ ಇದಕ್ಕೆ ಆರ್ಥೊರೆಕ್ಸಿಯಾ ಎಂದು ಹೆಸರಿಟ್ಟರು: ಶುದ್ಧ, ಆರೋಗ್ಯಕರ ಎನ್ನಿಸಿದ್ದನ್ನು ಬಿಟ್ಟು ಬೇರೇನೂ ಮುಟ್ಟಲಾಗದಷ್ಟು ಹಟ. ಸ್ನೇಹಿತರ ಮನೆಯಲ್ಲಿ ಊಟ ಮಾಡಲಾಗದು, ಪ್ರವಾಸ ಹೋಗಲಾಗದು, ಒಂದು ತುತ್ತು ತಪ್ಪಿದರೆ ಪಾಪಪ್ರಜ್ಞೆ. ಇಂಥ ಬಿಗಿತದಲ್ಲಿ ಸಿಕ್ಕಿಕೊಂಡವರು, ಅಥವಾ ತಿಂದು ಹೊರಹಾಕುವ, ಉಪವಾಸದಲ್ಲಿ ಕೃಶವಾಗುವ ಹಂತಕ್ಕೆ ಹೋದವರು ಒಬ್ಬರೇ ಹೆಣಗಬೇಡಿ. ಅದು ಚಿಕಿತ್ಸೆ ಬೇಕಾದ ಸ್ಥಿತಿ, ಅದಕ್ಕೆ ಚಿಕಿತ್ಸೆ ಇದೆ. ನನ್ನ ಈರುಳ್ಳಿಯ ಮಾತು ಅದಕ್ಕೆ ಬದಲಿಯಾಗಲಾರದು.

ಈಗ ಮತ್ತೆ ಅಡುಗೆಮನೆಗೆ ಬರೋಣ.

ಮನೆಯಲ್ಲಿ ಮಾಡಿದ ಊಟ ಏಕೆ ಒಳ್ಳೆಯದು ಎಂದರೆ ಪ್ರೀತಿ ಬೆರೆತಿರುತ್ತದೆ ಎನ್ನುವವರಿದ್ದಾರೆ. ಇರಬಹುದು. ಆದರೆ ಅದಕ್ಕಿಂತ ಹಿಡಿದು ತೋರಿಸಬಹುದಾದ ಕಾರಣಗಳಿವೆ. ಬ್ರೆಜಿಲ್ ದೇಶದ ಸಾವೊ ಪಾವ್ಲೊ ವಿಶ್ವವಿದ್ಯಾಲಯದ ಕಾರ್ಲೊಸ್ ಮೊಂಟೇರೊ 2009ರಲ್ಲಿ ಆಹಾರವನ್ನು ಹೊಸದೊಂದು ರೀತಿಯಲ್ಲಿ ವಿಂಗಡಿಸಿದರು. ಅದರಲ್ಲಿ ಎಷ್ಟು ಕೊಬ್ಬಿದೆ, ಎಷ್ಟು ಸಕ್ಕರೆಯಿದೆ ಎಂಬುದನ್ನು ಬದಿಗಿಟ್ಟು, ಅದಕ್ಕೆ ಏನೇನು ಮಾಡಲಾಗಿದೆ ಎಂದು ಕೇಳಿದರು. ಧಾನ್ಯ, ಕಾಳು, ತರಕಾರಿ, ಹಾಲು, ಮೊಟ್ಟೆಯಂಥವು ಒಂದು ಕಡೆ. ಎಣ್ಣೆ, ಉಪ್ಪು, ಸಕ್ಕರೆಯಂಥ ಅಡುಗೆಯ ಸಾಮಾನು ಇನ್ನೊಂದು ಕಡೆ. ಇವೆರಡನ್ನೂ ಸೇರಿಸಿ ಮಾಡಿದ ಬ್ರೆಡ್ಡು, ಚೀಸು ಮೂರನೆಯದು. ನಾಲ್ಕನೆಯದು, ಯಾವ ಅಡುಗೆಮನೆಯಲ್ಲೂ ಇರದ ವಸ್ತುಗಳನ್ನು ಕಾರ್ಖಾನೆಯಲ್ಲಿ ಕೂಡಿಸಿ ತಯಾರಾದದ್ದು. 2014ರಲ್ಲಿ ಬ್ರೆಜಿಲ್ ಸರ್ಕಾರದ ಆಹಾರ ಮಾರ್ಗದರ್ಶಿಯೇ ಈ ವಿಂಗಡಣೆಯ ಮೇಲೆ ನಿಂತಿತು.

ಈ ನಾಲ್ಕನೆಯ ಗುಂಪಿನ ಬಗ್ಗೆ ನನಗೆ ಗೊತ್ತಿರುವ ಅತ್ಯಂತ ಶಿಸ್ತಿನ ಪ್ರಯೋಗ ಪ್ರಕಟವಾದದ್ದು 2019ರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ನಾಲ್ಕು ವಾರ ಅಲ್ಲೇ ಉಳಿಸಿಕೊಂಡು ಊಟ ಹಾಕಿದರು. ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ತಾಜಾ ಸಾಮಾನಿನಿಂದ ಮಾಡಿದ ಅಡುಗೆ. ಎರಡರಲ್ಲೂ ಮುಂದಿಟ್ಟ ಆಹಾರದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರಿನಂಶ ಸರಿಸಮವಾಗಿರುವಂತೆ ಹೊಂದಿಸಿದ್ದರು. ಎಷ್ಟು ಬೇಕೋ ಅಷ್ಟು ತಿನ್ನಿ ಎಂದರು. ಸಿದ್ಧ ಆಹಾರದ ದಿನಗಳಲ್ಲಿ ಅವರೇ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡು ವಾರದಲ್ಲಿ ಸರಾಸರಿ 0.9 ಕಿಲೋ ಏರಿತು, ಅಡುಗೆಯ ಎರಡು ವಾರದಲ್ಲಿ 0.9 ಕಿಲೋ ಇಳಿಯಿತು. ರುಚಿ ಹೇಗಿತ್ತು ಎಂದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟಿದ್ದರು. ವ್ಯತ್ಯಾಸ ಕಂಡದ್ದು ಇನ್ನೊಂದರಲ್ಲಿ: ಸಿದ್ಧ ಆಹಾರವನ್ನು ಅವರು ಹೆಚ್ಚು ವೇಗವಾಗಿ ತಿಂದಿದ್ದರು.

ಇದು 20 ಜನರ, ನಾಲ್ಕು ವಾರದ ಪ್ರಯೋಗ. ಅದಕ್ಕಿಂತ ದೊಡ್ಡ ತೀರ್ಮಾನವನ್ನು ಅದರ ಮೇಲೆ ಹೊರಿಸುವುದು ಬೇಡ. ಆದರೆ ವೇಗದ ಮಾತು ನನಗೆ ತಟ್ಟನೆ ಅರ್ಥವಾಯಿತು. ನೀವೂ ಮಾಡಿ ನೋಡಬಹುದು. ಒಂದು ಹಿಡಿ ಬೇಯಿಸಿದ ಕಾಳು ತಿನ್ನಲು ಎಷ್ಟು ಸಲ ಅಗಿಯಬೇಕಾಗುತ್ತದೆ ಎಣಿಸಿ. ಆಮೇಲೆ ಅಷ್ಟೇ ತೂಕದ ಕುರುಕಲು ತಿಂಡಿಯನ್ನು ತಿನ್ನಿ. ಬಾಯಲ್ಲಿಟ್ಟರೆ ಕರಗಿಹೋಗುವಂತೆ ಅದನ್ನು ಮಾಡಿರುತ್ತಾರೆ. ಹೊಟ್ಟೆ ಹಿಗ್ಗಿದ್ದು, ಕರುಳಿನಿಂದ ಹೊರಟ ಹಾರ್ಮೋನುಗಳ ಸುದ್ದಿ ಮಿದುಳಿಗೆ ಪೂರ್ತಿ ಮುಟ್ಟಲು ಹೆಚ್ಚುಕಡಿಮೆ 20 ನಿಮಿಷ ಬೇಕು ಎನ್ನುತ್ತಾರೆ. ಐದು ನಿಮಿಷದಲ್ಲಿ ಮುಗಿಯುವ ಊಟದಲ್ಲಿ ಸಾಕು ಎಂಬ ಸುದ್ದಿ ಬರುವ ಹೊತ್ತಿಗೆ ತಟ್ಟೆ ಎರಡು ಸಲ ಖಾಲಿಯಾಗಿರುತ್ತದೆ. ಹದ ಬರುವ ಮೊದಲೇ ಬಾಣಲೆ ಇಳಿಸಿದ ಹಾಗೆ.

ಹಾಗೆಂದು ಪೊಟ್ಟಣದಲ್ಲಿ ಬಂದದ್ದೆಲ್ಲ ವಿಷವಲ್ಲ. ಶೈತ್ಯೀಕರಿಸಿದ ಬಟಾಣಿ, ಡಬ್ಬಿಯಲ್ಲಿ ಬೇಯಿಸಿಟ್ಟ ಕಾಳು, ಮೊಸರು, ಇವು ಅಡುಗೆಯವರ ಸ್ನೇಹಿತರೇ. ಎಲ್ಲವನ್ನೂ ಬುಡದಿಂದ ಮಾಡಬೇಕು ಎನ್ನುವ ಹಟ ಹೊಸದಾಗಿ ಅಡುಗೆ ಕಲಿಯುವವರನ್ನು ಮೂರೇ ದಿನದಲ್ಲಿ ಓಡಿಸಿಬಿಡುತ್ತದೆ.

ಹಸಿ ತಿಂದರೇ ಪೌಷ್ಟಿಕ, ಬೇಯಿಸಿದರೆ ಸತ್ವ ಹೋಯಿತು ಎನ್ನುವ ಮಾತೂ ಅಷ್ಟೇ. ಒಂದಕ್ಕೆ ನಿಜ, ಇನ್ನೊಂದಕ್ಕಲ್ಲ. ಸಿ ವಿಟಮಿನ್ ಬಿಸಿಗೂ ನೀರಿಗೂ ಸೋರಿಹೋಗುತ್ತದೆ, ಹಾಗಾಗಿ ಸೊಪ್ಪು ತರಕಾರಿಯನ್ನು ಸ್ವಲ್ಪ ನೀರಲ್ಲಿ ಬೇಗ ಬೇಯಿಸಿ, ಬೆಂದ ನೀರನ್ನು ಚೆಲ್ಲದಿರುವುದು ಒಳ್ಳೆಯದು. ಆದರೆ ಟೊಮೆಟೊದ ಕೆಂಪಿನಲ್ಲಿರುವ ಲೈಕೋಪೀನ್ ಬೇಯಿಸಿದಾಗಲೇ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಕ್ಯಾರೆಟ್ಟಿನ ಕ್ಯಾರೊಟಿನ್‌ಗೆ ಸ್ವಲ್ಪ ಎಣ್ಣೆಯ ಜೊತೆ ಬೇಕು. ಕಾಳಿನ ಕಬ್ಬಿಣಾಂಶ ಚೆನ್ನಾಗಿ ಹೀರಿಕೆಯಾಗಬೇಕೆಂದರೆ ಮೇಲೊಂದಿಷ್ಟು ನಿಂಬೆರಸ ಹಿಂಡಿ.

ಕಾಳಿನ ಮಾತು ಬಂದಾಗ ಒಂದು ಎಚ್ಚರಿಕೆಯನ್ನು ನಾನು ಎಲ್ಲಿ ಮಾತಾಡಿದರೂ ಹೇಳುತ್ತೇನೆ. ಕೆಂಪು ರಾಜ್ಮಾ ಕಾಳನ್ನು ಅರೆಬೇಯಿಸಿ ತಿನ್ನಬಾರದು. ಹಸಿ ಕಾಳಿನಲ್ಲಿ ಲೆಕ್ಟಿನ್ ಜಾತಿಯ ಒಂದು ವಸ್ತುವಿದೆ. ನಾಲ್ಕೈದು ಹಸಿ ಕಾಳು ಹೊಟ್ಟೆಗೆ ಹೋದರೂ ಕೆಲವೇ ಗಂಟೆಯಲ್ಲಿ ವಾಂತಿ ಭೇದಿ ಶುರುವಾಗಬಹುದು. ರಾತ್ರಿಯಿಡೀ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಬೇಕು. ಕನಿಷ್ಠ 10 ನಿಮಿಷ ಎನ್ನುತ್ತಾರೆ. 30 ನಿಮಿಷ ಕುದಿಸಿದರೆ ನಿಶ್ಚಿಂತೆ. ಕುದಿಯೇ ಬಾರದ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ವಿಷ ಇಳಿಯುವುದಿಲ್ಲ, ಇನ್ನೂ ಏರಬಹುದು. ನಿಧಾನ ಒಳ್ಳೆಯದು ಎಂದು ಇಷ್ಟು ಹೊತ್ತು ಹೇಳಿದವನೇ ಇದನ್ನೂ ಹೇಳಬೇಕು: ಎಲ್ಲಿ ನಿಧಾನ, ಎಲ್ಲಿ ಜೋರು ಎಂದು ತಿಳಿಯುವುದೇ ಹದ.

ಉಳಿದ ಅನ್ನದ್ದೂ ಹಾಗೆಯೇ. ಅಕ್ಕಿಯಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಕುದಿದರೂ ಸಾಯುವುದಿಲ್ಲ. ಅನ್ನ ಹೊರಗೆ ಬೆಚ್ಚಗೆ ಉಳಿದರೆ ಅವು ಮೊಳೆತು ವಿಷ ಬಿಡಬಹುದು, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಮಾಡಿದ ಒಂದೆರಡು ಗಂಟೆಯೊಳಗೆ ಅಗಲ ಪಾತ್ರೆಯಲ್ಲಿ ಹರವಿ ಆರಿಸಿ ಫ್ರಿಜ್ಜಿಗೆ ಇಡಿ. ಉಳಿದದ್ದನ್ನು ಜೋಪಾನ ಮಾಡುವುದೂ ಅಡುಗೆಯ ಭಾಗವೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನಾದ್ಯಂತ ಅಂಗಡಿ, ಹೋಟೆಲು, ಮನೆಗಳಲ್ಲಿ ಚೆಲ್ಲಿದ ಆಹಾರ 105 ಕೋಟಿ ಟನ್. ಅದರಲ್ಲಿ ಶೇಕಡಾ 60ರಷ್ಟು ಮನೆಗಳದ್ದು.

ಇನ್ನು ರುಚಿ. ಇದರ ಬಗ್ಗೆ ನನಗೆ ಕಲಿಸಿದ್ದು ಅಪ್ಪನ ಕಾಯಿಲೆ. ಜ್ವರ ಬಂದು ಹೋದ ಮೇಲೆ ಅಪ್ಪನಿಗೆ ವಾಸನೆ ಹೊರಟುಹೋಯಿತು. ವಾಸನೆ ತಾನೇ, ನಾಲಿಗೆ ಇದೆಯಲ್ಲ ಎಂದುಕೊಂಡೆವು. ಆದರೆ ಅವರಿಗೆ ಊಟವೇ ಹೋಗಿತ್ತು. ನಾವು ರುಚಿ ಎಂದು ಕರೆಯುವುದರಲ್ಲಿ ನಾಲಿಗೆಯ ಪಾಲು ಉಪ್ಪು, ಹುಳಿ, ಸಿಹಿ, ಕಹಿ, ಮತ್ತೆ 1908ರಲ್ಲಿ ಜಪಾನಿನ ಕಿಕುನೆ ಇಕೆಡ ಗುರುತಿಸಿದ ಉಮಾಮಿ, ಇಷ್ಟೇ. ಉಳಿದದ್ದು ಅಗಿಯುವಾಗ ಗಂಟಲಿನ ಹಿಂದಿನಿಂದ ಮೂಗಿಗೇರುವ ಪರಿಮಳ. ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ಏಲಕ್ಕಿ ಕಾಳು ಅಗಿಯಿರಿ, ನಡುವೆ ಮೂಗು ಬಿಡಿ; ಏಲಕ್ಕಿ ಆಗ ಹುಟ್ಟುತ್ತದೆ.

ಅಪ್ಪ ಹತ್ತು ದಿನ ಸುಮ್ಮನೆ ನುಂಗುತ್ತಿದ್ದರು. "ಒದ್ದೆ ಕಾಗದ ತಿಂದ ಹಾಗಿದೆ" ಅಂದರು. ನಾನು ಉಪ್ಪು ಹೆಚ್ಚು ಹಾಕಿ ನೋಡಿದೆ, ಉಪ್ಪಾಯಿತು ಅಷ್ಟೇ. ಒಂದು ಮಧ್ಯಾಹ್ನ ಸೌತೆಕಾಯಿ ದಪ್ಪಗೆ ಹೆಚ್ಚಿ ತಣ್ಣಗೆ ಮಾಡಿ, ಮೇಲೆ ನಿಂಬೆ ಹಿಂಡಿ, ಹುರಿದ ಕಡಲೆಬೀಜ ಉದುರಿಸಿ ಕೊಟ್ಟೆ. ಅವರು ಕಚ್ಚಿದರು. ಕರಕ್ ಎಂಬ ಸದ್ದು ನನಗೂ ಕೇಳಿಸಿತು. ಅಗಿಯುವುದನ್ನು ನಿಲ್ಲಿಸಿ, ಮತ್ತೆ ಅಗಿದು, "ಇದು ಏನೋ ಇದೆ" ಅಂದರು. ತಣ್ಣಗಿರುವುದು, ಹುಳಿ, ಹಲ್ಲಿಗೆ ಸಿಗುವ ಗಟ್ಟಿತನ, ಸದ್ದು. ವಾಸನೆ ಇಲ್ಲದೆಯೂ ಇಷ್ಟು ಉಳಿದಿತ್ತು. ಅಂದಿನಿಂದ ಅವರ ತಟ್ಟೆಯಲ್ಲಿ ಬಿಸಿಯದರ ಪಕ್ಕ ತಣ್ಣಗಿನದು, ಮೆತ್ತಗಿನದರ ಪಕ್ಕ ಗರಿಗರಿಯದು ಇರುವಂತೆ ನೋಡಿಕೊಂಡೆ. ವಾಸನೆ ಮರಳಲು ತಿಂಗಳುಗಳೇ ಹಿಡಿದವು, ಪೂರ್ತಿ ಮರಳಿಲ್ಲ. ಆದರೆ ಮೂಗು ನೆಟ್ಟಗಿರುವ ನಾವು ಅಪ್ಪ ಆ ಸೌತೆಕಾಯಿ ತಿಂದಷ್ಟು ಗಮನ ಕೊಟ್ಟು ಕೊನೆಯ ಬಾರಿ ಏನನ್ನು ತಿಂದೆವು ಎಂದು ಆಗಾಗ ಯೋಚಿಸುತ್ತೇನೆ.

ಜಾನ್ ಕಬಟ್-ಜಿನ್ ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಶುರು ಮಾಡಿದ ಒತ್ತಡ ನಿರ್ವಹಣೆಯ ತರಬೇತಿಯಲ್ಲಿ ಒಂದು ಅಭ್ಯಾಸವಿದೆ. ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ತಿನ್ನುವುದು. ಒಳ್ಳೆಯ ಅಭ್ಯಾಸ. ಆದರೆ ದಿನಾ ಊಟವನ್ನು ಹಾಗೆ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಊಟ ಎಂದರೆ ಮಾತು, ನಗು, ಮಕ್ಕಳ ಗಲಾಟೆ ಕೂಡ. ನಾನು ಮಾಡುವುದು ಇಷ್ಟೇ: ಮೊದಲ ಮೂರು ತುತ್ತು ಏನೂ ಓದದೆ, ಏನೂ ನೋಡದೆ ತಿನ್ನುತ್ತೇನೆ. ಎರಡನೇ ಸಲ ಬಡಿಸಿಕೊಳ್ಳುವ ಮೊದಲು ಸ್ವಲ್ಪ ಸುಮ್ಮನಿರುತ್ತೇನೆ. ಬೇಕೆನಿಸಿದರೆ ಬಡಿಸಿಕೊಳ್ಳುತ್ತೇನೆ, ಬೇಸರವಿಲ್ಲದೆ. ಅಡುಗೆ ಮಾಡಿದ ದಿನ ಇದಕ್ಕೆ ಪ್ರಯತ್ನವೇ ಬೇಕಾಗುವುದಿಲ್ಲ. ಮುಕ್ಕಾಲು ಗಂಟೆ ಕಾದು ಕೆಂಪು ಮಾಡಿದ ಈರುಳ್ಳಿ ಬಾಯಿಗೆ ಬಂದಾಗ ಗಮನ ತಾನಾಗಿಯೇ ಅತ್ತ ಹೋಗುತ್ತದೆ.

ಮಕ್ಕಳ ವಿಷಯ ಸಭೆಯಲ್ಲಿ ಇಬ್ಬರು ಕೇಳಿದರು. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಹೇಳಿದ ಕೆಲಸದ ಹಂಚಿಕೆ ನನಗೆ ತುಂಬಾ ಸರಿ ಎನಿಸಿದೆ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಕೆಲಸ. ತಿನ್ನುವುದೋ ಬೇಡವೋ, ಎಷ್ಟು ಎಂಬುದು ಮಗುವಿನದು. ಮಗು ಸಾಕು ಎಂದಾಗ ಇನ್ನೆರಡು ತುತ್ತು ತುರುಕುವ ನಾವೇ, ಅದು ದೊಡ್ಡದಾದ ಮೇಲೆ ಎಷ್ಟು ತಿನ್ನಬೇಕೆಂದು ತಿಳಿಯುವುದಿಲ್ಲವಲ್ಲ ಎಂದು ಕೊರಗುತ್ತೇವೆ. ಅದಕ್ಕೆ ತನ್ನ ಹದ ಗೊತ್ತಿತ್ತು. ಇದರಲ್ಲಿ ನನಗೆ ಸಂದೇಹವಿಲ್ಲ. ತೂಕ ಏರದ, ಕಾಯಿಲೆಯ ಮಗುವಾದರೆ ವೈದ್ಯರ ಮಾತು ಕೇಳಿ, ಅದು ಬೇರೆ ವಿಷಯ.

ಈಗ ಹೇಳುವುದನ್ನು ಹೇಳದೆ ಮನೆಯಡುಗೆಯನ್ನು ಹೊಗಳಿದರೆ ಅನ್ಯಾಯವಾಗುತ್ತದೆ. ಮನೆಯಡುಗೆ ಒಳ್ಳೆಯದು ಎಂದು ಹೇಳುವವರು ಅದನ್ನು ಮಾಡುವವರು ಯಾರು ಎಂದು ಹೇಳುವುದಿಲ್ಲ. ಲೋಕದ ಬಹುಪಾಲು ಮನೆಗಳಲ್ಲಿ ಅದು ಹೆಂಗಸರ ಹೆಗಲ ಮೇಲಿದೆ. ಅದಕ್ಕೆ ರಜೆಯಿಲ್ಲ, ಸಂಬಳವಿಲ್ಲ.

ನಾನು ಈರುಳ್ಳಿ ಸೀಯಿಸಿದ ಆ ಮೊದಲ ದಿನದ ಊಟಕ್ಕೆ ಮತ್ತೆ ಬರುತ್ತೇನೆ. ಅಡುಗೆ ಚೆನ್ನಾಗಿರಲಿಲ್ಲ, ಕಹಿ ಇತ್ತು. ಅಪ್ಪನಿಗೆ, ಅಮ್ಮನಿಗೆ ಬಡಿಸಿ ನಾನು ಒಲೆಯ ಹತ್ತಿರ ನಿಂತೆ, ಏನಾದರೂ ಬೇಕಾಗಬಹುದೆಂದು. ಅಮ್ಮ ಎಡಗೈಯಲ್ಲಿ ಚಮಚ ಹಿಡಿದು ಒಂದು ತುತ್ತು ತಿಂದಳು. ಕಹಿಯ ಮಾತು ಎತ್ತಲಿಲ್ಲ. ತಟ್ಟೆ ನೋಡುತ್ತಾ, "ಬಿಸಿ ಇದೆ" ಅಂದಳು. ಬಾಯಿ ಸುಟ್ಟಿತೇನೋ ಎಂದು ನೀರು ತಂದೆ. ಅವಳು ಹೇಳಿದ್ದು ಅದಲ್ಲ. ನಲವತ್ತು ವರ್ಷ ಎಲ್ಲರಿಗೂ ಬಡಿಸಿ, ಇನ್ನೊಂದು ಸುತ್ತು ಬಡಿಸಿ, ಕೊನೆಗೆ ಕೂತು ತಿಂದವಳು ಅವಳು. ಅವಳ ಪಾಲಿಗೆ ಮನೆಯೂಟ ಎಂದರೆ ಆರಿದ ಊಟ. ನಾನು ಅಷ್ಟು ವರ್ಷ ಪಕ್ಕದಲ್ಲೇ ಕೂತು ಉಂಡಿದ್ದೆ, ಅದನ್ನು ನೋಡಿರಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ.

ಆದ್ದರಿಂದ ಊಟದ ಕಡೆ ಗಮನ ಎಂದು ನಾನು ಹೇಳುವಾಗ ತಟ್ಟೆಯೊಳಗಿನದು ಮಾತ್ರ ನನ್ನ ಮನಸ್ಸಿನಲ್ಲಿಲ್ಲ. ಪಾತ್ರೆ ಉಜ್ಜುವವರು ಯಾರು? ನಾಳೆಗೆ ಏನು ಎಂದು ಯೋಚಿಸುವವರು ಯಾರು? ಎಲ್ಲಕ್ಕಿಂತ ದಣಿಸುವುದು ಆ ಕೊನೆಯ ಯೋಚನೆಯೇ ಎಂದು ಒಲೆ ಹಿಡಿದ ಮೂರನೇ ವಾರಕ್ಕೇ ನನಗೆ ತಿಳಿಯಿತು. ಮನೆಯಲ್ಲಿ ನಾಲ್ಕು ಜನರಿದ್ದರೆ ನಾಲ್ವರೂ ಒಂದೊಂದು ಅಡುಗೆಯನ್ನಾದರೂ ಪೂರ್ತಿ ಬಲ್ಲವರಾಗಿರಲಿ. ತರಕಾರಿ ಹೆಚ್ಚಿಕೊಡುವುದು ಸಹಾಯ. ಏನು ಮಾಡುವುದು ಎಂದು ಯೋಚಿಸುವುದರಿಂದ ಹಿಡಿದು ಒಲೆ ಒರೆಸುವವರೆಗೆ ಮಾಡುವುದು ಪಾಲು.

ಕೊನೆಗೆ ಒಬ್ಬ ಯುವಕ ಎದ್ದು ಕೇಳಿದರು: "ನಾನು ಒಬ್ಬನೇ ಇರೋದು ಸರ್. ರಾತ್ರಿ ಎಂಟೂವರೆಗೆ ಮನೆ ಸೇರ್ತೀನಿ. ಮುಕ್ಕಾಲು ಗಂಟೆ ಈರುಳ್ಳಿ ಹುರಿಯೋದು ಆಗೋ ಮಾತಾ?" ಅಲ್ಲ, ಆಗದು. ದಿನಾ ಹುರಿಯಬೇಡಿ. ರಜೆಯ ದಿನ ಒಂದು ದೊಡ್ಡ ಬಾಣಲೆ ತುಂಬ ಹುರಿದು, ಆರಿಸಿ, ಸಣ್ಣ ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿ. ಕಾಳನ್ನೂ ಹಾಗೆಯೇ ಬೇಯಿಸಿಡಿ. ಎಂಟೂವರೆಗೆ ಬಂದು ಅವೆರಡನ್ನೂ ಬಿಸಿ ಮಾಡಿ, ಒಂದು ಹಿಡಿ ಸೊಪ್ಪು ಹಾಕಿ, ಕೊನೆಯಲ್ಲಿ ಉಪ್ಪು ನೋಡಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಕೈ ನಿಮ್ಮದೇ ಆದಾಗ ಅದು ನಿಮ್ಮ ಹತೋಟಿಯಲ್ಲಿರುತ್ತದೆ. ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಪಾತ್ರೆಯಿಂದಲೇ ತಿನ್ನಬೇಡಿ, ತಟ್ಟೆಗೆ ಬಡಿಸಿಕೊಳ್ಳಿ. ಒಬ್ಬರೇ ಇದ್ದರೂ ಬಡಿಸಿಕೊಂಡು ಕೂತು ತಿನ್ನುವಷ್ಟು ಮರ್ಯಾದೆಗೆ ನೀವು ಅರ್ಹರು.

"ಹುರಿದದ್ದು ಹದವಾಯಿತೆಂದು ಗೊತ್ತಾಗೋದು ಹೇಗೆ?" ಎಂದು ಅವರೇ ಮತ್ತೆ ಕೇಳಿದರು. ಬಾಣಲೆ ಬಿಟ್ಟು ಪಕ್ಕದ ಕೋಣೆಗೆ ಹೋಗಿ ಎರಡು ನಿಮಿಷ ಕಿವಿಗೊಟ್ಟು ನಿಲ್ಲಿ ಎಂದೆ. ಮೊದಲ ಒಂದೆರಡು ಸಲ ಸೀಯುತ್ತದೆ. ಮನೆಯಲ್ಲಿ ಬೆಳಿಗ್ಗೆ ನಾನೂ ಕಾಳು ನೆನೆಹಾಕಿ ಬಂದಿದ್ದೇನೆ, ಇಷ್ಟು ಹೊತ್ತಿಗೆ ಉಬ್ಬಿರುತ್ತವೆ. ಹೋಗಿ ನೀರು ಬದಲಿಸಿ ಒಲೆ ಹಚ್ಚಬೇಕು. ಇವತ್ತು ಅಮ್ಮನಿಗೆ ಮೊದಲು ಬಡಿಸುವ ಸರದಿ ನನ್ನದು.